ಮದುವೆಯ ಮೇಜಿಗೆ ಮನೆಯಂಗಳದ ಹೂವು

ಈಸ್ಟರ್ ಹಬ್ಬ ಕಳೆದೊಡನೆ ಕರಾವಳಿಯ ಇಗರ್ಜಿಗಳಲ್ಲಿ ಮದುವೆಯ ಪ್ರಕಟಣೆಗಳ ಸಾಲು ಆರಂಭವಾಗುತ್ತದೆ. ತಪಸ್ಸು ಕಾಲದಲ್ಲಿಯೂ ಆಗಮನ ಕಾಲದಲ್ಲಿಯೂ ಸಂಭ್ರಮದ ಮದುವೆಗಳನ್ನು ಇರಿಸಿಕೊಳ್ಳದಿರುವುದು ನಮ್ಮ ಹಿರಿಯರು ಪಾಲಿಸಿಕೊಂಡು ಬಂದ ಪದ್ಧತಿ. ಆದುದರಿಂದ ಈಸ್ಟರಿನಿಂದ ಮಳೆ ಹಿಡಿಯುವವರೆಗಿನ ಕೆಲವೇ ವಾರಗಳು ಸಭಾಂಗಣಗಳಿಗೆ ಬಿಡುವಿಲ್ಲದ ದಿನಗಳು. ಪ್ರಕಟಣೆ ಬರೆಸಲು ಬರುವ ತಂದೆತಾಯಿಯರೊಡನೆ ಮಾತು ಬೆಳೆದಾಗ ಅದು ವಧೂವರರ ಸಿದ್ಧತೆಯಿಂದ ಊಟಕ್ಕೆ, ಊಟದಿಂದ ಬ್ಯಾಂಡಿಗೆ, ಬ್ಯಾಂಡಿನಿಂದ ಅಲಂಕಾರಕ್ಕೆ ಬಂದು ಅಲ್ಲಿ ನಿಟ್ಟುಸಿರಿನೊಡನೆ ನಿಲ್ಲುತ್ತದೆ. ಈ ಅಲಂಕಾರದ ಪಟ್ಟಿಗೆ ಇತ್ತೀಚಿನ ವರ್ಷಗಳಲ್ಲಿ ಹೊಸದೊಂದು ಬಾಬ್ತು ಸೇರಿಕೊಂಡಿದೆ. ಸತ್ಕಾರಕೂಟದ ಪ್ರತಿಯೊಂದು ದುಂಡುಮೇಜಿನ ನಡುವೆ ಇರಿಸುವ ಹೂವಿನ ಜೋಡಣೆ ಅದು. ಅಲಂಕಾರದವರ ಬಾಯಲ್ಲಿ ‘ಸೆಂಟರ್‌ಪೀಸ್’.

ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ತೆಂಗಿನ ಮಡಲಿನ ಚಪ್ಪರದಡಿಯಲ್ಲಿ ಬಾಳೆಯೆಲೆಯ ಮುಂದೆ ಸಾಲಾಗಿ ಕುಳಿತು ಉಣ್ಣುವ ಪಂಕ್ತಿಗೆ ನಡು ಎಂಬುದಿಲ್ಲ. ಎಲೆಯೇ ಅದರ ಅಲಂಕಾರ. ಮುಂದೆ ಸಭಾಂಗಣಗಳು ಬಂದಾಗಲೂ ಕುರ್ಚಿಗಳು ವೇದಿಕೆಗೆ ಮುಖಮಾಡಿ ಸಾಲುಗಟ್ಟಿದವು. ಕೇಕಿನ ತುಂಡೂ ದ್ರಾಕ್ಷಾರಸದ ಪುಟ್ಟ ಲೋಟವೂ ಕುಳಿತಲ್ಲಿಗೇ ಬಂದವು. ದುಂಡುಮೇಜು ಬಂದದ್ದು ತಡವಾಗಿ. ಅದರ ಬಗೆಗೆ ನನಗೆ ಆಕ್ಷೇಪವಿಲ್ಲ. ಸಾಲಿನಲ್ಲಿ ಕುಳಿತವನು ಮುಂದಿನವನ ಬೆನ್ನನ್ನು ನೋಡುತ್ತಾನೆ. ಹತ್ತು ಮಂದಿಯ ದುಂಡುಮೇಜಿನಲ್ಲಿ ಕುಳಿತವನು ಒಂಬತ್ತು ಮುಖಗಳನ್ನು ನೋಡುತ್ತಾನೆ. ವಧುವಿನ ಕಡೆಯ ಸೋದರಮಾವನೂ ವರನ ಕಡೆಯ ದೊಡ್ಡಮ್ಮನೂ ಒಬ್ಬರನ್ನೊಬ್ಬರು ಹೆಸರು ಕೇಳಿ, ಊರು ಕೇಳಿ, ಕೊನೆಗೆ ಎಲ್ಲೋ ಒಂದು ದೂರದ ನೆಂಟಸ್ತಿಕೆಯನ್ನು ಹುಡುಕಿ ತೆಗೆಯುವುದು ಅಲ್ಲಿಯೇ. ಹಾಗಿರುವಾಗ ಮೇಜಿನ ನಡುವೆ ಇರಿಸುವ ವಸ್ತುವಿನ ಮೊದಲ ಕರ್ತವ್ಯ ಆ ಮುಖಗಳನ್ನು ಮರೆಮಾಡದಿರುವುದು. ಎತ್ತರದ ಗಾಜಿನ ಹೂದಾನಿಯೊಂದರಿಂದ ಸುತ್ತಲೂ ಹರಡಿದ ಹೂವು ಎಲೆಗಳ ಎಡೆಯಲ್ಲಿ ಕತ್ತು ಓರೆ ಮಾಡಿ ಎದುರಿನವರೊಡನೆ ಮಾತನಾಡಲು ಹೆಣಗಿ, ಕೊನೆಗೆ ಆ ಹೂದಾನಿಯನ್ನು ಎತ್ತಿ ಮೇಜಿನ ಕೆಳಗಿಟ್ಟ ಹಿರಿಯರನ್ನು ನಾನು ಬಲ್ಲೆ.

ಖರ್ಚಿನ ಮಾತನ್ನು ಒಂದು ಉದಾಹರಣೆಯಿಂದ ನೋಡೋಣ. 400 ಮಂದಿ ಅತಿಥಿಗಳು, ಮೇಜಿಗೆ ಹತ್ತು ಮಂದಿಯಂತೆ 40 ಮೇಜುಗಳು. ಮೇಜೊಂದರ ಹೂವಿಗೆ 800 ರೂಪಾಯಿ ಎಂದು ಹೇಳಿದಾಗ ಅದು ದೊಡ್ಡ ಮೊತ್ತವೆಂದು ತೋರುವುದಿಲ್ಲ. ಗುಣಿಸಿದಾಗ 32,000 ರೂಪಾಯಿಯಾಗುತ್ತದೆ. ಅದೇ ಮೇಜಿಗೆ 60 ರೂಪಾಯಿಯಲ್ಲಿ ಅಚ್ಚುಕಟ್ಟಾದ ವ್ಯವಸ್ಥೆ ಮಾಡಿದರೆ ಒಟ್ಟು 2,400. ಈ ಅಂತರದಲ್ಲಿ ಹೊಸ ಸಂಸಾರವೊಂದು ಒಲೆಯನ್ನೂ ಪಾತ್ರೆಗಳನ್ನೂ ಕೊಂಡು, ಒಂದೆರಡು ತಿಂಗಳ ಮನೆಬಾಡಿಗೆಯನ್ನೂ ತೆಗೆದಿರಿಸಬಹುದು. ಮೂರು ಗಂಟೆಯ ಸಮಾರಂಭ ಮುಗಿದ ಮೇಲೆ ಬಾಡಿಗೆಯ ಹೂದಾನಿಗಳು ಲಾರಿ ಏರುತ್ತವೆ, ಹೂವು ತೊಟ್ಟಿ ಸೇರುತ್ತದೆ.

ಅಗ್ಗವಾದುದು ಅಂದವಾಗಿರಲು ಸಾಧ್ಯವೇ ಎಂದು ಕೇಳುವವರುಂಟು. 13ನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ಸೌಂದರ್ಯಕ್ಕೆ ಮೂರು ಲಕ್ಷಣಗಳನ್ನು ಹೇಳಿದ್ದಾರೆ: ವಸ್ತು ಊನವಿಲ್ಲದೆ ಪೂರ್ಣವಾಗಿರಬೇಕು, ಅದರ ಅಂಗಗಳಲ್ಲಿ ತಕ್ಕ ಪ್ರಮಾಣವಿರಬೇಕು, ಅದಕ್ಕೆ ಕಾಂತಿಯಿರಬೇಕು. ಬೆಲೆಯ ಮಾತು ಆ ಪಟ್ಟಿಯಲ್ಲಿಲ್ಲ. ಬಾಡಿದ ದುಬಾರಿ ಗುಲಾಬಿಗಿಂತ ಬಾಡದ ಗೊಂಡೆ ಹೂವು ಪೂರ್ಣ. ಮೇಜನ್ನು ನುಂಗುವ ಹೂದಾನಿಗಿಂತ ಅಂಗೈಯಗಲದ ಬಟ್ಟಲು ಪ್ರಮಾಣಬದ್ಧ. ಕಾಂತಿಗಾದರೋ ಒಂದು ಲೋಟ ತಿಳಿನೀರೂ ಅದರ ಮೇಲೆ ಬೀಳುವ ದೀಪದ ಬೆಳಕೂ ಸಾಕು.

ಆದರೆ ಸೌಂದರ್ಯದ ವಾದದಿಂದ ಮಾತ್ರ ಈ ವಿಷಯ ಬಗೆಹರಿಯುವುದಿಲ್ಲವೆಂಬುದು ನನಗೆ ಮನದಟ್ಟಾದದ್ದು ಒಬ್ಬ ತಾಯಿಯ ಮಾತಿನಿಂದ. ಬೀಡಿ ಕಟ್ಟಿ ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದ ವಿಧವೆ ಆಕೆ. ಹಿರಿಯವಳ ಮದುವೆಯ ಅಲಂಕಾರದ ಬಾಕಿಯನ್ನು ಕಂತುಕಂತಾಗಿ ತೀರಿಸಿ ಮುಗಿಸುವಷ್ಟರಲ್ಲಿ ಕಿರಿಯವಳಿಗೆ ಸಂಬಂಧ ಕೂಡಿ ಬಂತು. ಈ ಬಾರಿ ಸರಳವಾಗಿ ನಡೆಸಬಾರದೇ ಎಂದುದಕ್ಕೆ ಆಕೆ, “ಫಾದರ್, ಅಕ್ಕನಿಗೆ ಮಾಡಿದ್ದನ್ನು ತಂಗಿಗೆ ಮಾಡದಿದ್ದರೆ ಜನ ಏನೆಂದಾರು? ಜನರ ಮಾತು ಹಾಗಿರಲಿ, ಮಗಳಾದರೂ ಏನೆಂದುಕೊಂಡಾಳು?” ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ಆಡಂಬರದ ಆಸೆ ಲವಲೇಶವೂ ಇರಲಿಲ್ಲ. ಬಡವರ ಮನೆಯಲ್ಲಿ ಸರಳತೆ ಕಂಡರೆ ಅದಕ್ಕೆ ಜನ ಕೊಡುವ ಹೆಸರು ಬಡತನ. ಆ ಹೆಸರಿನ ಭಯವೇ ಸಾಲದ ಕಾಗದಕ್ಕೆ ರುಜು ಹಾಕಿಸುತ್ತದೆ.

ಉತ್ತರ ಬೇರೆ ಕಡೆಯಿಂದ ಬಂತು. ಅದೇ ವಾಳೆಯ ಅನುಕೂಲಸ್ಥ ಮನೆಯೊಂದರಲ್ಲಿ, ಗಲ್ಫಿನಲ್ಲಿ ದುಡಿದು ಮರಳಿದ ಗೃಹಸ್ಥರೊಬ್ಬರು ತಮ್ಮ ಮಗಳ ಮದುವೆಗೆ ಹೂದಾನಿಗಳ ಬಾಡಿಗೆಯನ್ನೇ ಬಿಟ್ಟು, ಮನೆಯ ಹಿತ್ತಿಲ ಕ್ರೋಟನ್ ಎಲೆ, ಕಾಗದದ ಹೂವು, ನೆರೆಹೊರೆಯಿಂದ ತಂದ ಗಾಜಿನ ಬಟ್ಟಲು ಇಷ್ಟರಲ್ಲಿಯೇ ಎಲ್ಲ ಮೇಜುಗಳನ್ನೂ ಸಿಂಗರಿಸಿದರು. ಅವರನ್ನು ಯಾರೂ ಜಿಪುಣರೆನ್ನಲಿಲ್ಲ, ಏಕೆಂದರೆ ಬೇಕಿದ್ದರೆ ಖರ್ಚು ಮಾಡಬಲ್ಲರೆಂಬುದು ಎಲ್ಲರಿಗೂ ಗೊತ್ತಿತ್ತು. ಹೆಂಗಸರು ಬಟ್ಟಲಿನ ಹತ್ತಿರ ಬಾಗಿ ನೋಡಿ, ಇದನ್ನು ಹೇಗೆ ಮಾಡಿದಿರೆಂದು ವಿಚಾರಿಸಿಕೊಂಡರು. ಮೂರು ವಾರಗಳ ಬಳಿಕ ಬೀಡಿ ಕಟ್ಟುವ ತಾಯಿಯ ಕಿರಿಮಗಳ ಸತ್ಕಾರಕೂಟದಲ್ಲಿ ಅವೇ ಬಟ್ಟಲುಗಳು ಮೇಜಿನ ಮೇಲಿದ್ದವು. ಅಂದು ಅದು ಬಡತನವಾಗಿರಲಿಲ್ಲ, ಊರಿನ ಹೊಸ ರೀತಿಯಾಗಿತ್ತು. ಸರಳತೆಯನ್ನು ಆರಂಭಿಸಬೇಕಾದವರು ಇಲ್ಲದವರಲ್ಲ, ಉಳ್ಳವರು ಎಂದು ನಾನು ಹೇಳುವುದು ಇದಕ್ಕಾಗಿಯೇ. ಉಳ್ಳವರು ಹೆಜ್ಜೆ ಇಟ್ಟ ದಾರಿಯಲ್ಲಿ ಇಲ್ಲದವರು ತಲೆ ತಗ್ಗಿಸದೆ ನಡೆಯಬಲ್ಲರು. ಇಲ್ಲದವರಿಗೆ ಮಾತ್ರ ಸರಳತೆಯನ್ನು ಉಪದೇಶಿಸುವುದು ಗಾಯಕ್ಕೆ ಉಪ್ಪು ಸವರಿದಂತೆ.

ಹಾಗೆಂದು ಮದುವೆಯಲ್ಲಿ ಕೈ ಬಿಗಿಹಿಡಿಯಬೇಕೆಂದು ನಾನು ಹೇಳುತ್ತಿಲ್ಲ. ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ನಾಲ್ಕನೆಯ ಪುಸ್ತಕದಲ್ಲಿ ಹಿರಿದಾದ ಖರ್ಚನ್ನು ತಕ್ಕ ಸಂದರ್ಭದಲ್ಲಿ ತಕ್ಕ ರೀತಿಯಲ್ಲಿ ಮಾಡುವುದನ್ನು ಒಂದು ಸದ್ಗುಣವೆಂದೇ ಗಣಿಸುತ್ತಾನೆ; ಅಂಥ ಸಂದರ್ಭಗಳಲ್ಲಿ ಮದುವೆಯನ್ನೂ ಹೆಸರಿಸುತ್ತಾನೆ. ಅಲ್ಲಿಯೇ ಅವನು ಅಭಿರುಚಿಹೀನನಾದ ದುಂದುಗಾರನೊಬ್ಬನನ್ನೂ ಚಿತ್ರಿಸುತ್ತಾನೆ. ಗೆಳೆಯರ ಸಾಮಾನ್ಯ ಕೂಟಕ್ಕೆ ಮದುವೆಯೂಟದ ವೈಭವವನ್ನು ತಂದು ಸುರಿಯುವ ಈತ, ಅಲ್ಪ ಸಾಕಾದಲ್ಲಿ ಹೇರಳವಾಗಿಯೂ ಹೇರಳ ಬೇಕಾದಲ್ಲಿ ಅಲ್ಪವಾಗಿಯೂ ಖರ್ಚು ಮಾಡುತ್ತಾನೆ. ಮಗುವಿಗೆ ಕೊಡುವ ಅಂದವಾದ ಚೆಂಡು ಬೆಲೆಯಲ್ಲಿ ಕಿರಿದಾದರೂ ಮಗುವಿನ ಕೊಡುಗೆಯಾಗಿ ಭವ್ಯವೆಂಬ ಸೊಗಸಾದ ಮಾತೂ ಅದೇ ಪುಟಗಳಲ್ಲಿದೆ. ಸೆಮಿನರಿಯ ದಿನಗಳಲ್ಲಿ ನಾವು ಆ ಅಧ್ಯಾಯವನ್ನು ಪರೀಕ್ಷೆಯ ಸಲುವಾಗಿ ಉರುಹೊಡೆದಿದ್ದೆವು. ಡೆಕೊರೇಟರನ ಬಿಲ್ಲಿಗೆ ಅದರಲ್ಲಿ ಉತ್ತರವಿದೆಯೆಂದು ಆಗ ಯಾರು ಕಂಡಿದ್ದರು? ಅತಿಥಿಗಳಿಗೆ ಹೊಟ್ಟೆ ತುಂಬ ಊಟ, ದೂರದಿಂದ ಬಂದ ವೃದ್ಧರಿಗೆ ವಾಹನ, ಬಡಿಸುವವರಿಗೆ ತಕ್ಕ ಕೂಲಿ, ಇವುಗಳಿಗೆ ಕೈ ಬಿಚ್ಚಬೇಕು. ಮೇಜಿನ ನಡುವಿನ ಹೂವು ಅಲ್ಪ ಸಾಕಾಗುವ ಜಾಗ. ಕಾನಾ ಊರಿನ ಮದುವೆಯ ಬಗೆಗೆ ಸಂತ ಯೊವಾನ್ನರು ಆರು ಕಲ್ಲುಬಾನಿಗಳ ಅಳತೆಯನ್ನು ಕೂಡ ದಾಖಲಿಸಿದ್ದಾರೆ, ಅಲಂಕಾರದ ಮಾತೆತ್ತಿಲ್ಲ. ಆ ಮನೆಯವರ ಮಾನ ಹೋಗಲಿದ್ದುದು ದ್ರಾಕ್ಷಾರಸ ಮುಗಿದುದರಿಂದ. ಮಾನವನ್ನು ಉಳಿಸಿದ ಪಾತ್ರೆಗಳಾದರೋ ಮೊದಲೇ ಆ ಮನೆಯಲ್ಲಿದ್ದವು.

ಇನ್ನು ಕೈಕೆಲಸದ ಮಾತು. ಎತ್ತರಕ್ಕೆ ನಾನು ಹೇಳುವ ಅಳತೆ ಒಂದು ಗೇಣು. ಹೆಬ್ಬೆರಳ ತುದಿಯನ್ನು ಮೇಜಿಗೆ ಊರಿ ಕಿರುಬೆರಳನ್ನು ಮೇಲಕ್ಕೆ ಚಾಚಿದರೆ ಎಷ್ಟು ಎತ್ತರವೋ ಅಷ್ಟು. ಕುಳಿತವರ ಕಣ್ಣಿಗೆ ಅಡ್ಡಬರುವುದಿಲ್ಲ. ಹೂವನ್ನು ಸಿಕ್ಕಿಸಲು ಅಂಗಡಿಯಲ್ಲಿ ದೊರೆಯುವ ಹಸಿರು ಸ್ಪಂಜಿನ ಇಟ್ಟಿಗೆ ಪ್ಲಾಸ್ಟಿಕ್ ಜಾತಿಯದು. ಪುಡಿಯಾಗುತ್ತದೆಯೇ ಹೊರತು ಮಣ್ಣಾಗುವುದಿಲ್ಲ. ಅದರ ಕೆಲಸವನ್ನು ಬಾಳೆದಿಂಡಿನ ನಾಲ್ಕಂಗುಲದ ತುಂಡು ಅಷ್ಟೇ ಚೆನ್ನಾಗಿ ಮಾಡುತ್ತದೆ. ಗೊನೆ ಕಡಿದ ಮೇಲೆ ಹೇಗೂ ಬೀಳಿಸುವ ಗಿಡ ಅದು. ಒಳಗೆಲ್ಲ ನೀರು ತುಂಬಿರುವುದರಿಂದ ಸಿಕ್ಕಿಸಿದ ಹೂವು ಸಂಜೆಯವರೆಗೂ ನಗುತ್ತಿರುತ್ತದೆ. ಒಂದೇ ಎಚ್ಚರಿಕೆ, ಬಾಳೆಯ ಸೊನೆ ಬಟ್ಟೆಗೆ ತಗುಲಿದರೆ ಆ ಕಲೆ ಜನ್ಮಕ್ಕೂ ಹೋಗದು. ಆದುದರಿಂದ ತುಂಡನ್ನು ಅಡಿಕೆಯ ಹಾಳೆತಟ್ಟೆಯೊಂದರಲ್ಲಿ ಕುಳ್ಳಿರಿಸಿ, ತಟ್ಟೆಯಂಚಿಗೆ ಜರಿಗಿಡದ ಎಲೆಗಳನ್ನು ಹರಡಬೇಕು. ತಟ್ಟೆ, ದಿಂಡು, ಎಲೆ ಎಲ್ಲವೂ ಮರುದಿನ ಗೊಬ್ಬರದ ಗುಂಡಿಗೆ.

ಅದಕ್ಕಿಂತಲೂ ಸುಲಭವಾದುದು ನೀರಿನ ಬಟ್ಟಲು. ಮನೆಯ ಗಾಜಿನ ಬಟ್ಟಲಿಗೆ ಮುಕ್ಕಾಲು ನೀರು ತುಂಬಿ, ಗುಲಾಬಿ ಬಣ್ಣದ ಕಾಗದದ ಹೂವುಗಳನ್ನೂ ಎರಡು ಕೇಪುಳದ ಗೊಂಚಲುಗಳನ್ನೂ ತೇಲಿಬಿಟ್ಟರೆ ಮುಗಿಯಿತು. ಬೋಗನ್‌ವಿಲ್ಲಾ ಎಂದು ನಾವು ಕರೆಯುವ ಈ ಕಾಗದದ ಹೂವು ನೆತ್ತಿ ಸುಡುವ ಬಿಸಿಲಿನಲ್ಲಿಯೇ, ಎಂದರೆ ನಮ್ಮ ಮದುವೆಯ ಕಾಲದಲ್ಲಿಯೇ, ಬೇಲಿ ತುಂಬ ಅರಳುತ್ತದೆ. ಅದಕ್ಕೆ ಕಾಸು ಕೇಳುವವರಿಲ್ಲ. ದಾಸವಾಳ ಬೇಡ, ಬೆಳಗಿನ ಪೂಜೆಗೆ ಅರಳಿದ್ದು ಸಂಜೆಯ ಊಟಕ್ಕೆ ಮುದುಡಿರುತ್ತದೆ. ಸುಗಂಧರಾಜವೂ ಊಟದ ಮೇಜಿಗೆ ಸಲ್ಲದು, ಅದರ ಘಮ ಅನ್ನದ ಪರಿಮಳವನ್ನೇ ಮುಚ್ಚುತ್ತದೆ. ಅಡಿಕೆಯ ಹಿಂಗಾರ ಕಣ್ಣಿಗೆ ಹಬ್ಬವೇ ಸರಿ. ಆದರೆ ಕಡಿದ ಒಂದೊಂದು ಹಿಂಗಾರವೂ ಮುಂದಿನ ಒಂದು ಅಡಿಕೆ ಗೊನೆ. ತೋಟವಿರುವ ಮನೆಯವರು ತಾವಾಗಿ ಕೊಟ್ಟರೆ ವಧೂವರರ ಮೇಜಿಗೊಂದು ಇರಲಿ, 40 ಮೇಜಿಗೆ ಬೇಡ.

ಮಲ್ಲಿಗೆಯ ಮಾತು ಬೇರೆಯಾಗಿಯೇ ಹೇಳಬೇಕು. ಶಂಕರಪುರದ ಸುತ್ತಮುತ್ತ ಬೆಳೆಯುವ, ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಉಡುಪಿ ಮಲ್ಲಿಗೆಯಿಲ್ಲದೆ ಕರಾವಳಿಯಲ್ಲಿ ಶುಭಕಾರ್ಯವೆಲ್ಲಿ? ಒಂದು ಚೆಂಡಿಗೆ 800 ಹೂವು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನದಿನವೂ ಬದಲಾಗುತ್ತದೆ, ಮದುವೆಯ ದಿನಗಳಲ್ಲಿ ಅಟ್ಟೆಗೆ ಸಾವಿರ ರೂಪಾಯಿಯನ್ನು ದಾಟುವುದುಂಟು. ಒಂದು ಅಟ್ಟೆಯ 3,200 ಹೂವನ್ನು 40 ಮೇಜಿಗೆ ಹಂಚಿದರೆ ಮೇಜಿಗೆ ಬರುವುದು 80. ಮಾಲೆ ಸುತ್ತಲು ಅದು ಸಾಲದು, ಬಿಡಿಸಿ ನೀರಿನ ಮೇಲೆ ಚೆಲ್ಲಲು ಧಾರಾಳ. ನನ್ನನ್ನು ಕೇಳಿದರೆ ಮಲ್ಲಿಗೆ ಮುಡಿಯಲ್ಲಿಯೇ ಇರಲಿ ಎನ್ನುತ್ತೇನೆ. ಬೆಳಗಿನ ಜಾವ ಎದ್ದು ಒಂದೊಂದೇ ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟಿದವರ ಶ್ರಮಕ್ಕೆ ಮೇಜಿಗಿಂತ ಅದೇ ತಕ್ಕ ಸ್ಥಾನ.

ಅಕ್ಟೋಬರ್ ನವೆಂಬರಿನಲ್ಲಿ ಮದುವೆಯಿರಿಸಿಕೊಂಡವರಿಗೆ ಭತ್ತದ ತೆನೆಗಿಂತ ಚೆಲುವಾದುದಿಲ್ಲ. ಹೊಂಬಣ್ಣದ ತೆನೆಯ ಒಂದು ಹಿಡಿಯನ್ನು ನಾರಿನಿಂದ ಬಿಗಿದು ಗೆರಟೆಯಲ್ಲಿ ನಿಲ್ಲಿಸಿದರೆ ನೀರೂ ಬೇಡ, ಬಾಡುವ ಭಯವೂ ಇಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಆಶೀರ್ವದಿಸಿ ಮನೆಗೆ ಒಯ್ದ ತೆನೆಯನ್ನು ಮಾತ್ರ ಇದಕ್ಕೆ ಬಳಸಬಾರದು, ಅದು ಊಟದ ಪಾತ್ರೆಗೆ ಸೇರಬೇಕಾದ ಪವಿತ್ರ ಧಾನ್ಯ. ಅಲಂಕಾರಕ್ಕೆ ಗದ್ದೆಯಿಂದ ಬೇರೆಯೇ ತರಬೇಕು.

ಹಣ್ಣುಗಳನ್ನೂ ಮರೆಯದಿರೋಣ. ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಬಾಳೆಹಣ್ಣಿನ ಚಿಪ್ಪು, ನಾಲ್ಕು ಚಿಕ್ಕು, ಮೇ ತಿಂಗಳಾದರೆ ಎರಡು ಮಾವು ಇರಿಸಿದರೆ ಊಟದ ಕೊನೆಗೆ ಅಲಂಕಾರವನ್ನೇ ತಿನ್ನಬಹುದು. ಅದಕ್ಕೆ ಮಿನುಗುಪುಡಿ ಎರಚುವ ಚಪಲ ಮಾತ್ರ ಬೇಡ. ನರ್ಸರಿಯ ಸಣ್ಣ ಕುಂಡಗಳನ್ನು ಮೇಜಿಗೊಂದರಂತೆ ಇರಿಸಿ ಕೊನೆಯಲ್ಲಿ ಅತಿಥಿಗಳಿಗೆ ಕೊಡುವ ಕ್ರಮವೂ ಒಳ್ಳೆಯದು. ಆದರೆ ಕುಂಡ ಒಂದು, ಕೈಗಳು ಹತ್ತು! ಆ ಮೇಜಿನಲ್ಲಿ ಕುಳಿತ ಅತಿ ಹಿರಿಯರಿಗೆ ಅದು ಸಲ್ಲುತ್ತದೆಂದು ಸಭಾ ನಿರೂಪಕರು ಮೊದಲೇ ಸಾರಿಬಿಟ್ಟರೆ ಜಗಳವಿಲ್ಲ. ವಯಸ್ಸು ಒಪ್ಪಿಕೊಳ್ಳಲು ಹಿಂಜರಿಯುವವರ ತಮಾಷೆಯೂ ಸಿಗುತ್ತದೆ.

ನನಗೆ ಅತ್ಯಂತ ಮೆಚ್ಚುಗೆಯಾದುದು ಹೂವೂ ಅಲ್ಲ, ಹಣ್ಣೂ ಅಲ್ಲ. ವಧೂವರರ ತಂದೆತಾಯಿ, ಅಜ್ಜ ಅಜ್ಜಿ, ಚಿಕ್ಕಪ್ಪ ಅತ್ತೆಯರ ಹಳೆಯ ಕಪ್ಪುಬಿಳುಪು ಮದುವೆಯ ಚಿತ್ರಗಳ ನಕಲುಗಳನ್ನು ರಟ್ಟಿಗೆ ಅಂಟಿಸಿ, ಮೇಜಿಗೊಂದರಂತೆ ಎಲೆಗಳ ನಡುವೆ ನಿಲ್ಲಿಸಿದ್ದನ್ನು ಒಂದು ಸತ್ಕಾರಕೂಟದಲ್ಲಿ ಕಂಡೆ. ಒಂದೊಂದಕ್ಕೆ ತಗುಲಿದ ಖರ್ಚು ಕೆಲವೇ ರೂಪಾಯಿ. ಅಪರಿಚಿತರು ತುಂಬಿದ್ದ ಮೇಜುಗಳಲ್ಲಿ ಎರಡು ನಿಮಿಷದೊಳಗೆ ಮಾತು ಹುಟ್ಟಿತು. ಇವರು ಯಾರು, ಯಾವ ವರ್ಷ, ಆ ಉದ್ದ ಮುಸುಕು ಯಾರದು, ಪಕ್ಕದಲ್ಲಿ ಹೂವು ಹಿಡಿದು ನಿಂತ ಪುಟ್ಟ ಹುಡುಗಿ ಇಂದಿನ ವಧುವಿನ ತಾಯಿಯಲ್ಲವೇ? ತೀರಿಹೋದವರೂ ಅಂದಿನ ಊಟದಲ್ಲಿ ಪಾಲುಗೊಂಡಂತಾಯಿತು.

ದೀಪವಿರಿಸುವವರು ಸಭಾಂಗಣದ ಫ್ಯಾನುಗಳನ್ನು ಒಮ್ಮೆ ತಲೆಯೆತ್ತಿ ನೋಡಬೇಕು. ಬೇಸಗೆಯಲ್ಲಿ ಫ್ಯಾನು ನಿಲ್ಲಿಸಲಾಗದು, ಫ್ಯಾನಿನಡಿ ಮೋಂಬತ್ತಿ ನಿಲ್ಲದು. ಗಾಜಿನ ಲೋಟದಲ್ಲಿ ಅರ್ಧ ನೀರು ಹಾಕಿ ಅದರ ಮೇಲೆ ಎಣ್ಣೆ ಸುರಿದು ತೇಲುಬತ್ತಿ ಹಚ್ಚಿದರೆ ಗಾಳಿಯನ್ನು ತಕ್ಕಮಟ್ಟಿಗೆ ತಾಳುತ್ತದೆ. ಸೀರೆಯ ಸೆರಗೂ ಮಕ್ಕಳ ಕೈಯೂ ಸುಳಿದಾಡುವ ಮೇಜಿಗೆ ಅದೂ ಬೇಡವೆಂದೇ ನನ್ನ ಮತ. ಥರ್ಮಾಕೋಲಿನ ಹೃದಯ, ಬಾಣ, ಪಾರಿವಾಳಗಳಿಗಂತೂ ಕಾನೂನೇ ಅಡ್ಡನಿಂತಿದೆ; ಅಲಂಕಾರದ ಥರ್ಮಾಕೋಲನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. 2015ರಲ್ಲಿ ಪೋಪ್ ಫ್ರಾನ್ಸಿಸರು ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಬಳಸಿ ಬಿಸಾಡುವ ಸಂಸ್ಕೃತಿಯ ಬಗೆಗೆ ಎಚ್ಚರಿಸಿದ್ದನ್ನು ಪ್ರವಚನಪೀಠದಿಂದ ಓದಿ ಹೇಳಿದ ನಾವೇ, ಇಗರ್ಜಿಯ ಪಕ್ಕದ ಸಭಾಂಗಣದ ಹಿಂದೆ ಬಿದ್ದ ಕಸದ ರಾಶಿಯನ್ನು ಕಾಣದವರಂತೆ ಹಾದುಹೋಗಲಾಗದಷ್ಟೆ.

ಇಷ್ಟನ್ನು ಮಾಡುವವರು ಯಾರು ಎಂಬುದು ಕೊನೆಗೆ ಉಳಿಯುವ ಪ್ರಶ್ನೆ. ಮೊಂತಿ ಹಬ್ಬದ ಮುಂಚಿನ ಒಂಬತ್ತು ದಿನ ಬುಟ್ಟಿ ಹಿಡಿದು ಬೇಲಿ ಬೇಲಿ ಅಲೆಯುವ ಮಕ್ಕಳಿಗೆ ಯಾವ ಮನೆಯ ಹಿತ್ತಿಲಲ್ಲಿ ಯಾವ ಹೂವಿದೆಯೆಂಬುದು ಹಿರಿಯರಿಗಿಂತ ಚೆನ್ನಾಗಿ ಗೊತ್ತು. ಅವರನ್ನೇ ಕಳುಹಿಸಬೇಕು, ಮನೆಯವರನ್ನು ಕೇಳಿಯೇ ಕೊಯ್ಯಬೇಕೆಂದು ಒಂದು ಮಾತು ಹೇಳಿ ಕಳುಹಿಸಬೇಕು. ರೋಸಿನ ದಿನ ಸಂಜೆ ನೆಂಟರಿಷ್ಟರು ಹೇಗೂ ಮದುವೆಯ ಮನೆಯಲ್ಲಿ ಸೇರಿರುತ್ತಾರೆ. ಬಿಸಿಲಿಳಿದ ಮೇಲೆ ಕೊಯ್ದ ಹೂವು ಎಲೆಗಳ ದಂಟನ್ನು ಓರೆಯಾಗಿ ಕತ್ತರಿಸಿ, ರಾತ್ರಿಯಿಡೀ ನೆರಳಿನಲ್ಲಿ ನೀರಿನ ಬಾಲ್ದಿಯಲ್ಲಿ ನಿಲ್ಲಿಸಿದರೆ ಮರುದಿನವೆಲ್ಲ ತಾಜಾ ಆಗಿರುತ್ತವೆ. ತೇಲಿಬಿಡುವ ಕಾಗದದ ಹೂವನ್ನು ಮಾತ್ರ ಅಂದೇ ಬೆಳಿಗ್ಗೆ ಕೊಯ್ದರೆ ಸಾಕು. ಬೆಳಿಗ್ಗೆ ಪೂಜೆಗೆ ಮುನ್ನ ವಾಳೆಯ ಹತ್ತು ಮಂದಿ ಯುವಕ ಯುವತಿಯರು ಒಂದು ಗಂಟೆ ಕೈಜೋಡಿಸಿದರೆ 40 ಮೇಜು ಸಿದ್ಧ. ಗುರಿಕಾರರು ಇದನ್ನು ಶ್ರೀಮಂತರ ಮನೆಯ ಮದುವೆಗೂ ಬಡವರ ಮನೆಯ ಮದುವೆಗೂ ಒಂದೇ ರೀತಿ ನಡೆಸಬೇಕು. ಬಡವರ ಮನೆಗೆ ಮಾತ್ರ ಹೋದರೆ ಅದು ನೆರವಾಗದೆ ಭಿಕ್ಷೆಯಾಗುತ್ತದೆ.

ಸಮಾರಂಭ ಮುಗಿದ ಮೇಲೆ ಬಾಡದ ಹೂವುಗಳನ್ನು ಒಟ್ಟುಗೂಡಿಸಿ ಎರಡೂ ಮನೆಗಳ ಹಿರಿಯರ ಸಮಾಧಿಗಳಿಗೆ ಒಯ್ಯಬಹುದು. ಮುಟ್ಟದೆ ಉಳಿದ ಹಣ್ಣನ್ನು ಸಮೀಪದ ವೃದ್ಧಾಶ್ರಮಕ್ಕೆ ಅಂದೇ ತಲುಪಿಸಬಹುದು. ಬಟ್ಟಲುಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಎರವಲು ತರುವಾಗಲೇ ತಳಕ್ಕೆ ಮನೆಯ ಹೆಸರಿನ ಚೀಟಿ ಅಂಟಿಸಿ, ಲೆಕ್ಕವನ್ನು ಒಬ್ಬರೇ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು. ತೊಳೆದು, ಒರೆಸಿ, ವಧೂವರರು ಮರುದಿನದ ಊಟಕ್ಕೆ ಹೆಣ್ಣಿನ ಮನೆಗೆ ಬರುವ ಮುನ್ನವೇ ಅವು ತಮ್ಮ ತಮ್ಮ ಕಪಾಟುಗಳಿಗೆ ಮರಳಿರಬೇಕು. ಮುಂದಿನ ಶನಿವಾರ ಅವುಗಳನ್ನು ಕೇಳಿಕೊಂಡು ಬರುವ ಮನೆ ಇನ್ನೊಂದಿರುತ್ತದೆ.